ಹಲ್ಲಿಗೆ ಹುಳ ಆರಿಸಿದ ವರ್ಷ

ಹೋದ ವಾರ ಕುವೆಂಪುನಗರದಲ್ಲಿ ನಮ್ಮ ಹಿಂದಿನ ರಸ್ತೆಯವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಹಾಲಿನಲ್ಲಿ ಟೀವಿಯ ಪಕ್ಕಕ್ಕೆ ದೀಪ ಹಾಕಿದ ಒಂದು ಗಾಜಿನ ಪೆಟ್ಟಿಗೆ. ಒಳಗೆ ಹಳದಿ ಮೈ, ಕಪ್ಪು ಚುಕ್ಕೆ, ಮೂಲಂಗಿಯಂಥ ಬಾಲದ ಒಂದು ಹಲ್ಲಿ ಕಲ್ಲಿಗೆ ಒರಗಿಕೊಂಡು ಬಂದವರನ್ನೆಲ್ಲ ನೋಡುತ್ತಿತ್ತು. ರೇಷ್ಮೆ ಸೀರೆಯ ಹೆಂಗಸರು ಬಗ್ಗಿ ಬಗ್ಗಿ, "ಎಷ್ಟು ಮುದ್ದಾಗಿದೆ ಅಲ್ವಾ" ಅನ್ನುತ್ತಿದ್ದರು. ನಾನು, "ಓ, ಹಲ್ಲಿ ಸಾಕಿದ್ದೀರಾ?" ಅಂದೆ.

"ಅಯ್ಯೋ, ಹಲ್ಲಿ ಅನ್ಬೇಡಿ ಕಣ್ರೀ, ಅದು ಗೆಕೋ" ಅಂದರು ಮನೆಯಾಕೆ, ನಾನು ಅವರ ಮೊಮ್ಮಗುವನ್ನು ಕೋತಿ ಅಂದ ಹಾಗೆ ಮುಖ ಮಾಡಿ. "ಫಾರಿನ್ನಿಂದು. ಮನೇಲಿದ್ರೆ ಅದೃಷ್ಟ ಅಂತೆ. ಆದ್ರೆ ಯಾವ ಹುಳ ಹಾಕ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ಅಂಗಡಿಯವನು ಇದನ್ನ ಕೊಟ್ಟ, ಮೂಸಿ ಸಹ ನೋಡಲ್ಲ." ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರ ತುಂಬ ಒಣಗಿಸಿದ ಹುಳ, ಹಳೆಯ ಖಾರಾಸೇವೆಯ ಹಾಗೆ.

ನಾನು ಕುಂಕುಮ ಇಟ್ಟುಕೊಂಡು, ತಾಂಬೂಲ ತೆಗೆದುಕೊಂಡು, ನಗುನಗುತ್ತಲೇ ಎದ್ದು ಬಂದೆ. ನನ್ನ ಕೋಪದ ಹಣೆಬರಹವೇ ಅಷ್ಟು. ಅದು ಸಿಟಿ ಬಸ್ಸಿನ ಹಾಗೆ, ಕಾದವರೆಲ್ಲ ಬೇಸತ್ತು ನಡೆದುಕೊಂಡು ಹೋದ ಮೇಲೆ ಬರುತ್ತದೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಬಂತು ನೋಡಿ! "ಗೆಕೋ ಅಂತೆ ಗೆಕೋ" ಅಂತ ಒದ್ದ ರಭಸಕ್ಕೆ ಚಪ್ಪಲಿ ಹೋಗಿ ನಮ್ಮವರ ಸ್ಕೂಟರಿಗೆ ಬಡಿಯಿತು. "ಯಾರೇ ಅದು ಗೆಕೋ?" ಅಂತ ಅವರು ಪೇಪರಿನ ಹಿಂದಿನಿಂದ ಕೇಳಿದರು.

ಯಾರು ಅಂತ ನಿಮಗೂ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಕರೆದರೆ ಅದೃಷ್ಟ ತರುತ್ತದಂತಲ್ಲ ಈ ಪ್ರಾಣಿ, ಅದನ್ನು ಕನ್ನಡದಲ್ಲಿ ಕರೆಯುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಅನ್ನುವುದನ್ನು.

ಆಗ ನಾವಿದ್ದದ್ದು ವಿದ್ಯಾರಣ್ಯಪುರಂನಲ್ಲಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೇನ್ ರೋಡಿನಲ್ಲಿ ಅಪ್ಪ ಮತ್ತು ದೊಡ್ಡಪ್ಪನ ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ದೊಡ್ಡಪ್ಪ, ತಕ್ಕಡಿಯ ಮುಂದೆ ನಿಲ್ಲುವವರು ಅಪ್ಪ. ಇಷ್ಟು ಹೇಳಿದರೆ ನಮ್ಮ ಮನೆಯ ರಾಜ್ಯಾಂಗವೆಲ್ಲ ಹೇಳಿದಂತೆ. ಹಣೆಯ ಅಗಲಕ್ಕೂ ವಿಭೂತಿ ಬಳಿದುಕೊಂಡು ದೊಡ್ಡಪ್ಪ ಬೆಳಿಗ್ಗೆ ಪಕ್ಕದ ಮನೆಯಿಂದ ಬಂದು ನಮ್ಮ ಹಾಲಿನಲ್ಲಿ ಕೂತರೆಂದರೆ, ಯಾರಿಗೆ ಯಾವ ಬಟ್ಟೆ, ಯಾರಿಗೆ ಎಷ್ಟು ಓದು ಎಲ್ಲ ಅಲ್ಲೇ ತೀರ್ಮಾನ. ಅಪ್ಪ, "ಅಣ್ಣ ಹೇಳಿದ್ಮೇಲೆ ಮುಗೀತು" ಅನ್ನುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ನಮ್ಮ ಮನೆಯ ವಿರೋಧ ಪಕ್ಷ ಅಂದರೆ ಅಷ್ಟೇ.

ಅಕ್ಕ ಶೈಲಜಾ ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ್ದಳು. ಕಾಲೇಜಿಗೇ ಎರಡನೆಯವಳು. ಎಂ.ಎಸ್ಸಿ. ಮಾಡುತ್ತೇನೆ ಅಂದಳು. "ಕಪ್ಪೆ ಕೊಯ್ದಿದ್ದು ಸಾಕು, ಇನ್ನು ತರಕಾರಿ ಕುಯ್ಯಲಿ" ಅಂದರು ದೊಡ್ಡಪ್ಪ. ಹಾಗಂದವರೇ ಯಾದವಗಿರಿಯ ಒಂದು ಸಂಬಂಧ ತಂದರು. ಹುಡುಗ ಸರ್ಕಾರಿ ಇಂಜಿನಿಯರು, ಕಾಂಪೌಂಡಿನ ಮನೆ, ಒಬ್ಬನೇ ಮಗ. ಹುಡುಗನ ತಾಯಿಗೆ ನಾನು, ಅಕ್ಕ ಇಟ್ಟುಕೊಂಡ ಹೆಸರು ಯಾದವಗಿರಿಯಮ್ಮ. ಇವತ್ತಿಗೂ ಅವರ ನಿಜವಾದ ಹೆಸರು ನನಗೆ ನೆನಪಾಗುವುದಿಲ್ಲ, ನೆನಪಾಗುವುದೂ ಬೇಡ.

ಹೆಣ್ಣು ನೋಡುವ ಶಾಸ್ತ್ರಕ್ಕೆ ತಾಯಿ, ಮಗ ಬಂದು ಕೂತಿದ್ದರು. ಅಕ್ಕ ಕೇಸರಿಬಾತು, ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಹಾಲಿನ ಮಧ್ಯಕ್ಕೆ ಬಂದಳು. ಟ್ಯೂಬ್‌ಲೈಟಿನ ಹಿಂದಿನಿಂದ ಒಂದು ಹಲ್ಲಿ ತೊಪ್ಪೆಂದು ಅವಳ ನೆತ್ತಿಯ ಮೇಲೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ತಟ್ಟೆ ಎಸೆದು ಕಿರುಚುತ್ತಿದ್ದರು. ಅಕ್ಕ ಅಲ್ಲಾಡಲಿಲ್ಲ. ಹಲ್ಲಿ ಜಡೆಯ ಮೇಲಿಂದ ಇಳಿದು ನೆಲಕ್ಕೆ ಹಾರಿತು. ಆಮೇಲೆ ಅವಳು ಒಂದು ತಟ್ಟೆಯನ್ನು ಯಾದವಗಿರಿಯಮ್ಮನ ಮುಂದಿಟ್ಟು, "ತಗೊಳ್ಳಿ" ಅಂದಳು. ಆ ಧೈರ್ಯ ನೋಡಿಯೇ ಹೆಣ್ಣನ್ನು ಒಪ್ಪಬೇಕಿತ್ತು ಅಲ್ಲವೇ, ನೀವೇ ಹೇಳಿ!

ದೊಡ್ಡಪ್ಪ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಹಲ್ಲಿಗೆ ಬೀಸಿದರು. ಬಾಲ ಕಳಚಿ ಬಿದ್ದು ಯಾದವಗಿರಿಯಮ್ಮನ ಕಾಲ ಬುಡದಲ್ಲಿ ಕುಣಿಯತೊಡಗಿತು. ಆಕೆ ಎರಡೂ ಕಾಲು ಎತ್ತಿ ಸೋಫಾದ ಮೇಲಿಟ್ಟುಕೊಂಡರು. ಕುಣಿತ ನಿಂತ ಮೇಲೆ ಎದ್ದು ಸೀದಾ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. ನಮ್ಮದೇ ಅಂಗಡಿಯ ಕ್ಯಾಲೆಂಡರು, ಗಿರಾಕಿಗಳಿಗೆ ಹೊಸ ವರ್ಷಕ್ಕೆ ಕೊಡಲು ಮಾಡಿಸಿದ್ದು. ಅದರ ಬೆನ್ನಿನ ಮೇಲೆ ರಾಹುಕಾಲ, ಗುಳಿಕಕಾಲದ ಜೊತೆಗೆ ಹಲ್ಲಿ ಬೀಳುವ ಫಲವೂ ಇತ್ತು. ಆಕೆ ಹಾಳೆ ಮಗುಚಿ, ಕನ್ನಡಕ ಹಾಕಿಕೊಂಡು ಓದಿದರು: "ಶಿರಸ್ಸು, ಮರಣಭಯ." ಕೆಳಗೆ ದಪ್ಪಕ್ಷರದಲ್ಲಿ ನಮ್ಮ ಅಂಗಡಿಯ ಹೆಸರು, 'ಶುದ್ಧ ದಿನಸಿಗೆ ಭೇಟಿ ಕೊಡಿ' ಅಂತ.

ಯಾರ ಮರಣ ಅಂತ ಅದರಲ್ಲಿ ಬರೆದಿರಲಿಲ್ಲ. ಅದನ್ನು ಆಕೆಯೇ ತುಂಬಿಸಿಕೊಂಡರು. "ಹುಡುಗಿ ತಲೆ ಮೇಲೆ ಬಿದ್ದಿದೆ. ತಟ್ಟೋದು ಕಟ್ಕೊಂಡೋನಿಗೆ ತಾನೆ? ನಮಗಿರೋನು ಒಬ್ನೇ ಮಗ" ಅಂದು ಹೊರಟುಬಿಟ್ಟರು. ಒಬ್ಬನೇ ಮಗ ಕನ್ನಡಕ ಒರೆಸಿಕೊಳ್ಳುತ್ತಾ ಹಿಂದೆ ನಡೆದ. ದೊಡ್ಡಪ್ಪ ಅವರಿಗೆ ಒಂದು ಮಾತು ಹೇಳಲಿಲ್ಲ. ಅಪ್ಪ ಗೇಟಿನವರೆಗೆ ಹೋಗಿ ಅವರಿಗೆ ಕೈಮುಗಿದು ಬಂದರು. ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಆ ಕೈಮುಗಿದದ್ದಕ್ಕೆ.

ಅಕ್ಕ ಬೀರುವಿನ ಕೆಳಗೆ ಕೈ ಹಾಕಿ ಹಲ್ಲಿಯನ್ನು ಹಿಡಿದು ತೆಗೆದಳು. ಬಾಲವಿಲ್ಲ, ಹಿಂಗಾಲು ಒಂದು ಮುರಿದು ಜೋತಾಡುತ್ತಿತ್ತು. "ಆಚೆ ಬಿಸಾಡೇ ಆ ಅನಿಷ್ಟನ" ಅಂದರು ದೊಡ್ಡಪ್ಪ.

"ಬಿಸಾಡಲ್ಲ" ಅಂದಳು ಅಕ್ಕ. "ಇವತ್ತು ಈ ಮನೇಲಿ ಏಟು ತಿಂದೋರು ನಾವಿಬ್ರೇ."

ಹೀಗೆ ನಮ್ಮ ಮನೆಗೆ ಹಲ್ಲಿ ಬಂತು. ಬಂತು ಅನ್ನುವುದೂ ತಪ್ಪು, ಅದು ನಮಗಿಂತ ಮೊದಲೇ ಇತ್ತು. ಗೋಡೆಯ ಮೇಲಿದ್ದದ್ದು ಗಾಜಿನೊಳಗೆ ಬಂತು. ಎದುರು ಮನೆಯವರು ಮೀನು ಸತ್ತು ಮೂಲೆಗೆ ಹಾಕಿದ್ದ ಅಕ್ವೇರಿಯಂ ಇಸಿದುಕೊಂಡು, ಮೇಲೆ ಸೊಳ್ಳೆಪರದೆಯ ತುಂಡು ಕಟ್ಟಿ, ಅಕ್ಕ ಅದನ್ನು ಹಾಲಿನಲ್ಲೇ ಇಟ್ಟಳು. ಗೋಡೆಯ ಕ್ಯಾಲೆಂಡರಿನಿಂದ ಆ ಹಾಳೆಯನ್ನು ಹರಿದು, ಫಲ ಬರೆದಿದ್ದ ಮಗ್ಗುಲನ್ನು ಮೇಲೆ ಮಾಡಿ, ಒಳಗೆ ಹಾಸಿದಳು. ಹಲ್ಲಿ ಪ್ರತಿದಿನ ಬೆಳಿಗ್ಗೆ ಮರಣಭಯ, ಬಂಧುನಾಶ, ಧನಲಾಭ ಎಲ್ಲದರ ಮೇಲೂ ಭೇದವಿಲ್ಲದೆ ಹಿಕ್ಕೆ ಹಾಕುತ್ತಿತ್ತು.

ಸುದ್ದಿ ನಮ್ಮ ಜನರಲ್ಲೆಲ್ಲ ಹಬ್ಬಿತು. 'ಹಲ್ಲಿ ಬಿದ್ದ ಹುಡುಗಿ' ಅನ್ನುವುದು ಅಕ್ಕನ ಹೆಸರಾಯಿತು. ಮದುವೆಮನೆಗಳಲ್ಲಿ ಹೆಂಗಸರು ಅವಳ ತಲೆಯನ್ನೇ ನೋಡುತ್ತಿದ್ದರು, ಇನ್ನೂ ಅಲ್ಲೇ ಕೂತಿದೆಯೇನೋ ಅನ್ನುವ ಹಾಗೆ. "ಕಂಚಿಗೆ ಕರ್ಕೊಂಡು ಹೋಗಿ ಬಂಗಾರದ ಹಲ್ಲಿ ಮುಟ್ಟಿಸ್ಕೊಂಡು ಬನ್ನಿ, ದೋಷ ಹೋಗುತ್ತೆ" ಅಂತ ಒಬ್ಬರು ಬುದ್ಧಿ ಹೇಳಿದರು. ಅಕ್ಕ, "ಬಂಗಾರದ್ದಾದ್ರೆ ಮುಟ್ಬೇಕು, ಜೀವ ಇರೋದಾದ್ರೆ ಪೊರಕೆ ತಗೋಬೇಕಾ?" ಅಂದಳು. ಅವರು ಊಟ ಮುಗಿಸದೆ ಎದ್ದು ಹೋದರು. ಹೊಸ ಸಂಬಂಧ ಯಾವುದೂ ಬರಲಿಲ್ಲ. ಓದಿಗೂ ದೊಡ್ಡಪ್ಪ ಬಿಡಲಿಲ್ಲ: "ಇಷ್ಟಾದ್ಮೇಲೆ ಹೊರಗಡೆ ಬೇರೆ ತಿರುಗಬೇಕಾ?" ಇಷ್ಟು ಅಂದರೆ ಎಷ್ಟು? ಒಂದು ಹಲ್ಲಿ ಕಾಲು ಜಾರಿದ್ದು!

ಅಕ್ಕ ಆ ವರ್ಷವೆಲ್ಲ ತನ್ನ ಸಿಟ್ಟನ್ನು ಹಲ್ಲಿಯ ಊಟಕ್ಕೆ ಹಾಕಿದಳು. ಎಂ.ಎಸ್ಸಿ.ಗೆ ಓದಬೇಕಾದ ತಲೆ ಅದು, ಸುಮ್ಮನೆ ಕೂರುತ್ತದೆಯೇ. ಮೊದಲನೇ ದಿನ ನಾನು ಸೊಳ್ಳೆ ಹೊಡೆದು ಒಳಗೆ ಹಾಕಿದೆ. ಹಲ್ಲಿ ತಿರುಗಿಯೂ ನೋಡಲಿಲ್ಲ. "ಸತ್ತಿದ್ದನ್ನ ಹಲ್ಲಿ ತಿನ್ನಲ್ಲ ಕಣೆ ಉಮಾ, ಅಲ್ಲಾಡಬೇಕು. ಅಲ್ಲಾಡಿದ್ರೆ ಮಾತ್ರ ಅದಕ್ಕೆ ಊಟ" ಅಂದಳು. ಜೀವ ಇರುವ ಸೊಳ್ಳೆ ಹಿಡಿದು ಹಾಕಿದೆವು. ತಿಂದಿತು, ಆದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕೆಂಪಿರುವೆ ಹಾಕಿದೆ. ಇರುವೆಗಳೇ ಹಲ್ಲಿಯ ಮುರಿದ ಕಾಲಿಗೆ ಮುತ್ತಿಕೊಂಡವು, ಅಕ್ಕ ನನ್ನ ಬೆನ್ನಿಗೊಂದು ಕೊಟ್ಟಳು. ಅಕ್ಕಿಯೊಳಗಿನ ಮೂತಿಹುಳ ಹಾಕಿದರೆ ಬಾಯಿಗೆ ಹಾಕಿಕೊಂಡು ಉಗಿಯಿತು. ಮೈಯೆಲ್ಲ ಗಟ್ಟಿ ಚಿಪ್ಪು, ನಮಗೆ ಹುಣಿಸೆ ಬೀಜ ಅಗಿದಂತೆ ಅಂತೆ. ಕಂಬಳಿಹುಳದ ಹತ್ತಿರ ನಾನೇ ಹೋಗಲಿಲ್ಲ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಗೆದ್ದಲು ಹಾಕಿದಾಗ ಮಾತ್ರ ಅದರ ಸಂಭ್ರಮ ನೋಡಬೇಕಿತ್ತು. ಎಳೇ ಮಿಡತೆಯೂ ಇಷ್ಟ. ಹಿತ್ತಲಿನ ಇಟ್ಟಿಗೆ ಸಂದಿಯಲ್ಲಿ ಕಿರ್ರೆನ್ನುವ ಕಂದು ಹುಳವಂತೂ ಹಬ್ಬದೂಟ. ಎಲ್ಲಕ್ಕೂ ಅಕ್ಕನ ಒಂದೇ ಅಳತೆ: "ಅದರ ಎರಡು ಕಣ್ಣಿನ ಮಧ್ಯೆ ಇರೋ ಜಾಗಕ್ಕಿಂತ ಹುಳ ದೊಡ್ಡದಿರಬಾರದು. ದೊಡ್ಡದು ಹಾಕಿದ್ರೆ ಹೆದರ್ಕೊಳುತ್ತೆ, ಇಲ್ಲ ಗಂಟಲಿಗೆ ಸಿಕ್ಕೊಳುತ್ತೆ."

ಜಿರಳೆಯ ವಿಷಯಕ್ಕೆ ಬಂದರೆ ಕಟ್ಟುನಿಟ್ಟು. ಮನೆಯ ಜಿರಳೆ ಮುಟ್ಟುವ ಹಾಗಿಲ್ಲ. ಅಂಗಡಿಯಲ್ಲಿ, ಮನೆಯಲ್ಲಿ ಎಲ್ಲ ಕಡೆ ದೊಡ್ಡಪ್ಪ ವಿಷದ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು, ಅದನ್ನು ದಾಟಿ ಬಂದ ಜಿರಳೆ ತಿಂದರೆ ಹಲ್ಲಿಗೂ ವಿಷ. ಆದ್ದರಿಂದ ಅಕ್ಕ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಬೂಸಾ ಹಾಕಿ, ಕ್ಯಾರೆಟ್ ಚೂರಿಟ್ಟು, ಹುಳಗಳನ್ನು ಮನೆಯಲ್ಲೇ ಬೆಳೆಸತೊಡಗಿದಳು. ಕಾಲಿನ ಮೂಳೆ ಕೂಡಲಿ ಅಂತ ಅಮ್ಮನ ಕ್ಯಾಲ್ಸಿಯಂ ಮಾತ್ರೆಯನ್ನು ಕುಟ್ಟಿ, ಆ ಪುಡಿಯಲ್ಲಿ ಹುಳವನ್ನು ಹೊರಳಿಸಿ ಹಾಕುತ್ತಿದ್ದಳು, ಚಿರೋಟಿಗೆ ಸಕ್ಕರೆ ಉದುರಿಸಿದ ಹಾಗೆ. "ನನ್ನ ಮಾತ್ರೆ ಮುಗಿದೋಗಿದೆ, ನಿನ್ನ ಮಗಳಿಗೆ ಕೊಟ್ಟೆಯೇನೇ?" ಅಂತ ಅಮ್ಮ ರೇಗುತ್ತಿದ್ದಳು. ರೇಗಿ, ಮುಂದಿನ ಸಲ ಡಾಕ್ಟರ ಹತ್ತಿರ ಜಾಸ್ತಿಯೇ ಬರೆಸಿಕೊಂಡು ಬರುತ್ತಿದ್ದಳು.

ಇನ್ನು ರವೆಹುಳ. ಮೆತ್ತಗೆ, ಬಿಳುಪಾಗಿ, ಹಲ್ಲಿಯ ಬಾಯಿಗೆ ಹೇಳಿ ಮಾಡಿಸಿದ ಅಳತೆ. ದಿನಾ ಕೊಟ್ಟರೆ ಕೊಬ್ಬು, ನಮಗೆ ದಿನಾ ಹೋಳಿಗೆ ಹಾಕಿದಂತೆ, ಆದರೆ ವಾರಕ್ಕೊಮ್ಮೆ ಬೇಕೇ ಬೇಕು. ಅಕ್ಕ ಅಪ್ಪನನ್ನು ಕೇಳಿದಳು, "ಅಪ್ಪ, ಅಂಗಡೀಲಿ ಹುಳ ಬಿದ್ದ ರವೆ ಇದ್ರೆ ತರ್ತೀರಾ?" ಅಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು.

"ಏನಂದೆ? ನನ್ನ ಅಂಗಡಿ ರವೇಲಿ ಹುಳಾನಾ? ಜರಡಿ ಹಿಡಿದು ಹಿಡಿದು ನನ್ನ ರಟ್ಟೆ ಬಿದ್ದೋಗಿದೆ. ಯಾರಾದ್ರೂ ಕೇಳಿಸ್ಕೊಂಡ್ರೆ ನಾಳೆ ಬಾಗಿಲು ಮುಚ್ಬೇಕು, ಮೆತ್ತಗೆ ಮಾತಾಡು!" ಅಂತ ತಾವೇ ಬೀದಿಗೆ ಕೇಳುವಂತೆ ಕೂಗಾಡಿದರು. ಮೂರ್ನಾಲ್ಕು ದಿನ ಬಿಟ್ಟು ಒಂದು ಪೇಪರಿನ ಪೊಟ್ಟಣ ಅಕ್ಕನ ಪುಸ್ತಕದ ಪಕ್ಕ ಇತ್ತು. ಬಿಚ್ಚಿದರೆ ಬನ್ಸಿ ರವೆ, ಒಳಗೆ ಮಿಜಿಮಿಜಿ ಹುಳ. ಅಪ್ಪ ಬೇರೆ ಕಡೆ ನೋಡುತ್ತಾ, ಗಿರಾಕಿಗೆ ಹೇಳುವ ದನಿಯಲ್ಲಿ, "ಹುಳ ಚೆನ್ನಾಗಿದೆ" ಅಂದರು.

ದೊಡ್ಡಪ್ಪನಿಗೆ ಇದೆಲ್ಲ ಕಣ್ಣಿಗೆ ಖಾರ ಹಾಕಿದಂತೆ. "ಲಿಂಗ ಕಟ್ಕೊಂಡಿರೋ ಮನೇಲಿ ಜೀವಹಿಂಸೆ! ಹುಳ ಸಾಕೋದು, ಹುಳ ಕೊಲ್ಲೋದು! ಮಠದವರು ಕೇಳಿದ್ರೆ ಏನ್ ಹೇಳ್ಲಿ ನಾನು?"

"ಹಲ್ಲಿಗೆ ನಾವಿನ್ನೂ ದೀಕ್ಷೆ ಕೊಡಿಸಿಲ್ಲ ದೊಡ್ಡಪ್ಪ" ಅಂದಳು ಅಕ್ಕ, ಚಿಮಟದಲ್ಲಿ ಒಂದು ಮಿಡತೆ ಹಿಡಿದುಕೊಂಡೇ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಇಡುವುದನ್ನು ಮರೆತು ಬಿದ್ದು ಬಿದ್ದು ನಕ್ಕಳು.

ಮಳೆಗಾಲ ಕಳೆಯಿತು. ಹಲ್ಲಿಯ ಕಾಲು ಸೊಟ್ಟಗೆ ಕೂಡಿಕೊಂಡಿತು. ಮೋಟು ಬಾಲ ಬೇರೆ ಬಣ್ಣದಲ್ಲಿ ಚಿಗುರಿತು. ಅಕ್ಕನ ಮಟ್ಟಿಗೆ ಮಾತ್ರ ಏನೂ ಚಿಗುರಲಿಲ್ಲ. ಜೊತೆಯಲ್ಲಿ ಓದಿದವರು ಯೂನಿವರ್ಸಿಟಿಯ ಬಸ್ಸಿಗೆ ನಿಂತಿರುವುದನ್ನು ಕಿಟಕಿಯಿಂದ ನೋಡಿ, ಕಿಟಕಿಯ ಬಾಗಿಲು ಹಾಕುತ್ತಿದ್ದಳು.

ಆಮೇಲೆ ಒಂದು ಭಾನುವಾರ ದೊಡ್ಡಪ್ಪ ಹಾಲಿನಲ್ಲಿ ಕೂತು ಹೊಸ ಸುದ್ದಿ ಹೇಳಿದರು. ಯಾದವಗಿರಿಯವರು ಮತ್ತೆ ಹೇಳಿಕಳಿಸಿದ್ದಾರೆ. ಮನೆತನ ಅವರಿಗೆ ತುಂಬ ಹಿಡಿಸಿದೆ. ದೊಡ್ಡವಳ ಗ್ರಹಚಾರ ದೊಡ್ಡವಳಿಗೆ. ಚಿಕ್ಕವಳನ್ನು ಕೇಳುತ್ತಿದ್ದಾರೆ.

ಚಿಕ್ಕವಳು ಅಂದರೆ ನಾನು! ಬಿ.ಕಾಂ. ಕೊನೇ ವರ್ಷ. ಸುಮಾರಾಗಿ ಓದುವ, ಸುಮಾರಾಗಿ ಹಾಡುವ, ತಲೆಯ ಮೇಲೆ ಇನ್ನೂ ಏನೂ ಬೀಳದ ಹುಡುಗಿ. ನನಗೆ ಮೈ ಉರಿದು ಹೋಯಿತು. ಆದರೆ ಉರಿದದ್ದು ದೊಡ್ಡಪ್ಪ ಎದ್ದು ಹೋದ ಮೇಲೆ. ಅವರಿರುವಾಗ ನಾನು ಸೆರಗಿನ ತುದಿಯನ್ನು ಸುತ್ತುತ್ತಾ ನಿಂತಿದ್ದೆ, ಸೆರಗು ಇರಲಿಲ್ಲ, ಚೂಡಿದಾರದ ವೇಲು. ಅಪ್ಪ ಎಂದಿನಂತೆ, "ಅಣ್ಣ ಹೇಳಿದ್ಮೇಲೆ..." ಅಂದು ವಾಕ್ಯ ಮುಗಿಸಲಿಲ್ಲ. ನಾನು ಅಕ್ಕನ ಹತ್ತಿರ ಹೋಗಿ ಅತ್ತೆ, "ನನಗಿಷ್ಟ ಇಲ್ಲ ಕಣೆ." ಅವಳು ಹುಳದ ಡಬ್ಬಿಯಿಂದ ತಲೆ ಎತ್ತಲಿಲ್ಲ. "ನನ್ನ ಹತ್ರ ಹೇಳಿ ಏನು ಪ್ರಯೋಜನ? ಅವರ ಎದುರು ಹೇಳು" ಅಂದಳು.

ಬಂದೇ ಬಂದರು. ಅದೇ ತಾಯಿ, ಅದೇ ಮಗ, ಅದೇ ಸೋಫಾ. ಬರುವ ಮೊದಲೇ ದೊಡ್ಡಪ್ಪ ಹಲ್ಲಿಯ ಪೆಟ್ಟಿಗೆಯನ್ನು ತಾವೇ ಎತ್ತಿ ಹಿತ್ತಲಿಗೆ ಸಾಗಿಸಿದ್ದರು. ಅಕ್ಕನನ್ನೂ ಹಾಲಿಗೆ ಬರಬೇಡ ಅಂದಿದ್ದರು. ಯಾದವಗಿರಿಯಮ್ಮ ಮೊದಲು ಮಾಡು ನೋಡಿ, ಟ್ಯೂಬ್‌ಲೈಟಿನಿಂದ ದೂರದ ಕುರ್ಚಿ ಆರಿಸಿ ಕೂತರು. ತಿನ್ನುವಾಗಲೂ ಒಂದು ಕಣ್ಣು ಮೇಲೆ. ಕೇಸರಿಬಾತಿನ ಜೊತೆ ದ್ರಾಕ್ಷಿಯೋ ಹುಳವೋ ನೋಡದೆ ನುಂಗುತ್ತಿದ್ದರು ಅನ್ನಿ. ದೊಡ್ಡಪ್ಪ ನನ್ನ ಗುಣಗಾನ ಮಾಡಿದರು. ತಕ್ಕಡಿಯಲ್ಲಿ ಕೂತ ಬೆಲ್ಲದ ಹಾಗಿತ್ತು ನನಗೆ. "ಹುಡುಗ, ಹುಡುಗಿ ಒಂದೆರಡು ಮಾತಾಡ್ಕೊಳ್ಳಲಿ" ಅಂತ ನಮ್ಮಿಬ್ಬರನ್ನು ಹಿತ್ತಲಿಗೆ ಕಳಿಸಿದರು.

ಹಿತ್ತಲಿನಲ್ಲಿ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಎದುರಿಗೆ ಹಲ್ಲಿಯ ಪೆಟ್ಟಿಗೆ. ಅವಳ ಕೈಯ ಚಿಮಟದಲ್ಲಿ ಹೆಬ್ಬೆರಳಷ್ಟು ದೊಡ್ಡ ಒಂದು ಜಿರಳೆ, ಕಾಲು ಮೇಲೆ ಮಾಡಿ ಸತ್ತದ್ದು, ಮೈಮೇಲೆಲ್ಲ ಸೀಮೆಸುಣ್ಣದ ಬಿಳಿ ಪುಡಿ.

"ಯಾರೋ ಇದನ್ನ ಒಳಗೆ ಹಾಕಿದಾರೆ" ಅಂದಳು. ದನಿ ತಣ್ಣಗಿತ್ತು. "ವಿಷ ಹಾಕಿ ಸಾಯಿಸಿ ಹಾಕಿದಾರೆ. ಹಲ್ಲಿ ಮುಟ್ಟಿಲ್ಲ. ಇಷ್ಟು ದೊಡ್ಡದು ಅದರ ಬಾಯಿಗೆ ಹಿಡಿಯಲ್ಲ, ಸತ್ತಿದ್ದನ್ನ ಅದು ತಿನ್ನಲ್ಲ. ಹಾಕಿದೋರಿಗೆ ಅಷ್ಟೂ ಗೊತ್ತಿಲ್ಲ."

ಪೆಟ್ಟಿಗೆಯನ್ನು ಹಿತ್ತಲಿಗೆ ಎತ್ತಿಟ್ಟವರು ಯಾರು ಅಂತ ನನಗೂ ಅಕ್ಕನಿಗೂ ಗೊತ್ತಿತ್ತು. ಆಗ ಇಂಜಿನಿಯರು ಗಂಟಲು ಸರಿಮಾಡಿಕೊಂಡ. ಅಕ್ಕನ ಕಡೆ ನೋಡಿ, ತುಂಬ ಒಳ್ಳೆಯವನ ಹಾಗೆ, ಮೆಲ್ಲಗೆ ಹೇಳಿದ: "ನೀವು ತಪ್ಪು ತಿಳ್ಕೋಬೇಡಿ. ನಾನು ಅವತ್ತೂ ಇದನ್ನೆಲ್ಲ ನಂಬಿರ್ಲಿಲ್ಲ."

ಅಕ್ಕ ಅವನನ್ನು ನೋಡಿದಳು. ನನಗೆ ಮಾತ್ರ ಎಲ್ಲಿತ್ತೋ, ಜೀವಮಾನದಲ್ಲಿ ಮೊದಲ ಸಲ ಕೋಪ ಸರಿಯಾದ ಹೊತ್ತಿಗೆ ಬಂದುಬಿಟ್ಟಿತು.

"ನಂಬಿರ್ಲಿಲ್ವಾ? ಮತ್ತೆ ಯಾಕ್ರೀ ಎದ್ದು ಹೋದ್ರಿ?"

"ಅಮ್ಮ ಎದ್ರಲ್ಲ..."

ನಾನು ಅಕ್ಕನ ಕೈಯಿಂದ ಚಿಮಟ ಕಿತ್ತುಕೊಂಡು, ಜಿರಳೆಯ ಸಮೇತ ಹಾಲಿಗೆ ನಡೆದೆ. ಹಿಂದೆ ಅವನು, ಅವನ ಹಿಂದೆ ಅಕ್ಕ. ನನ್ನ ಕೈಯಲ್ಲಿದ್ದುದನ್ನು ನೋಡಿ ಯಾದವಗಿರಿಯಮ್ಮ ಮತ್ತೆ ಎರಡೂ ಕಾಲು ಮೇಲೆತ್ತಿದರು.

"ಇದನ್ನ ಹಲ್ಲಿಗೆ ಹಾಕಿದ್ದು ಯಾರು?" ಅಂದೆ.

"ಏನೇ ಅದು ಅಸಹ್ಯ, ಬಂದೋರ ಮುಂದೆ! ಎಸಿ ಅದನ್ನ" ಅಂದರು ದೊಡ್ಡಪ್ಪ. ನಾನು ಎಸೆಯಲಿಲ್ಲ. ಅವರಿಗೆ ಬೇರೆ ದಾರಿ ಕಾಣಲಿಲ್ಲ. "ಹೂಂ ಕಣೆ, ನಾನೇ ಹಾಕ್ದೆ. ಏನೀಗ? ಆ ಅನಿಷ್ಟ ತೊಲಗಿದ್ರೆ ನಿಮಗೇ ಒಳ್ಳೇದು."

"ಜೀವಹಿಂಸೆ ಅಂತಿದ್ರಲ್ಲ ದೊಡ್ಡಪ್ಪ?" ಅಂದಳು ಅಕ್ಕ, ಬಾಗಿಲಲ್ಲಿ ನಿಂತು.

ನಾನು ಯಾದವಗಿರಿಯಮ್ಮನ ಕಡೆ ತಿರುಗಿದೆ. "ನಿಮ್ಮ ಮಗ ಇದನ್ನೆಲ್ಲ ನಂಬಲ್ವಂತೆ ಕಣಮ್ಮ. ಈಗ ತಾನೇ ಹೇಳಿದ್ರು."

"ಏನೋ ಇದು?" ಅಂದರು ತಾಯಿ. ಮಗ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. "ಹಂಗಲ್ಲಮ್ಮ, ನಾನು ಹೇಳಿದ್ದು..." ಅಂದು ನಿಲ್ಲಿಸಿದ. ಅಷ್ಟೇ ಅವನ ಪೂರ್ತಿ ಮಾತು.

"ನೋಡಿ, ನಿಮ್ಮಮ್ಮ ನಂಬಿ ಎದ್ದು ಹೋದ್ರು. ಅವರಿಗೆ ಮಗನ ಜೀವದ ಭಯ, ಹೋಗ್ಲಿ. ನೀವು ನಂಬದೇ ಎದ್ದು ಹೋದ್ರಲ್ಲ, ನಿಮಗೇನ್ರೀ ಭಯ ಇತ್ತು? ಒಂದು ಮಾತು ಆಡಿದ್ರೆ ನಮ್ಮಕ್ಕನ್ನ ಊರೆಲ್ಲ ಹಂಗೆ ನೋಡ್ತಿರ್ಲಿಲ್ಲ. ನಂಬಿದೋರ ಮೇಲೆ ನನಗೆ ಅಷ್ಟು ಕೋಪ ಇಲ್ಲ. ನಂಬದೇ ಸುಮ್ನಿದ್ದೋರ ಮೇಲೆ ಇದೆ. ನಿಮ್ಮನ್ನ ನಾನು ಮದುವೆ ಆಗಲ್ಲ."

ಹೇಳಿದ್ದು ಅವನಿಗೆ. ತಲೆ ತಗ್ಗಿಸಿದ್ದು ಅಪ್ಪ.

ದೊಡ್ಡಪ್ಪ ಎದ್ದು ನಿಂತರು. ವಿಭೂತಿಯ ಕೆಳಗೆ ಹಣೆ ಕೆಂಪಾಗಿತ್ತು. "ಮಹದೇವ, ನಿನ್ನ ಮಗಳಿಗೆ ಹೇಳು. ಈಗಲೇ ಇವರ ಕಾಲಿಗೆ ಬಿದ್ದು ತಪ್ಪಾಯ್ತು ಅನ್ಲಿ. ಇಲ್ದಿದ್ರೆ ನಾಳೆಯಿಂದ ನೀನು ಅಂಗಡಿ ಕಡೆ ಬರೋದು ಬೇಡ."

ಅಪ್ಪನೂ ಎದ್ದರು. ತಕ್ಕಡಿಯ ಮುಂದೆ ನಿಂತು ನಿಂತು ಸ್ವಲ್ಪ ಬಾಗಿದ್ದ ಬೆನ್ನು ಅವರದು. ಅದು ನೆಟ್ಟಗಾಯಿತು ಅಂತೆಲ್ಲ ನಾನು ಸುಳ್ಳು ಹೇಳುವುದಿಲ್ಲ. ಬಾಗಿಯೇ ಇತ್ತು. ದನಿಯೂ ದೊಡ್ಡದಾಗಲಿಲ್ಲ.

"ಅಣ್ಣ, ನಾನೂ ಅವತ್ತು ನಂಬಿರ್ಲಿಲ್ಲ" ಅಂದರು. "ಸುಮ್ನಿದ್ದೆ. ಗೇಟಿನ ತನಕ ಹೋಗಿ ಕೈ ಬೇರೆ ಮುಗಿದೆ. ಇನ್ನು ಆಗಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಯಾದವಗಿರಿಯವರು ಹೊರಟರು. ಈ ಸಲ ಗೇಟಿನವರೆಗೆ ಯಾರೂ ಹೋಗಲಿಲ್ಲ.

ದೊಡ್ಡಪ್ಪ ಹೇಳಿದಂತೆಯೇ ಮಾಡಿದರು. ಅಂಗಡಿ ಅವರ ಹೆಸರಿನಲ್ಲಿತ್ತು. ಅಪ್ಪ ಒಂದು ತಕ್ಕಡಿಯನ್ನೂ ತರಲಿಲ್ಲ. ಒಳಗಿನ ಒಂದು ಗಲ್ಲಿಯಲ್ಲಿ, ಇಬ್ಬರು ಗಿರಾಕಿ ಒಟ್ಟಿಗೆ ಬಂದರೆ ಒಬ್ಬರು ಬೀದಿಯಲ್ಲಿ ನಿಲ್ಲಬೇಕಾದಂಥ ಒಂದು ಗೂಡು ಹಿಡಿದು ಮೊದಲಿನಿಂದ ಶುರು ಮಾಡಿದರು. ಕಷ್ಟ ಬಂತು, ಬರಲಿಲ್ಲ ಅನ್ನುವುದಿಲ್ಲ. ಅಮ್ಮ ಹಪ್ಪಳ, ಸಂಡಿಗೆ ಮಾಡಿ ಅಲ್ಲಿ ಮಾರಿದಳು. ನಾನು ಪರೀಕ್ಷೆ ಮುಗಿದ ತಕ್ಷಣ ಒಬ್ಬ ಆಡಿಟರ ಹತ್ತಿರ ಕೆಲಸಕ್ಕೆ ಸೇರಿದೆ. ಅಕ್ಕ ಎಂ.ಎಸ್ಸಿ.ಗೆ ಸೇರಿದಳು, ಕಿಟಕಿಯಿಂದ ನೋಡುತ್ತಿದ್ದ ಬಸ್ಸಿಗೇ ನಿಂತಳು. ಹಲ್ಲಿ ನಮ್ಮ ಮನೆಯ ಹುಳ ತಿಂದುಕೊಂಡು ಇನ್ನೂ ಕೆಲವು ಮಳೆಗಾಲ ಕಂಡು, ಒಂದು ಚಳಿಗಾಲದ ಬೆಳಿಗ್ಗೆ ವಯಸ್ಸಾಗಿ ಸತ್ತಿತು. ಅಕ್ಕ ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮದುವೆ ಆಯಿತೇ ಅಂತ ನೀವೂ ಕೇಳಬೇಡಿ, ಇಷ್ಟು ಓದಿದ ಮೇಲೂ ಅದನ್ನೇ ಕೇಳಿದರೆ ನನಗೆ ಕೆಟ್ಟ ಕೋಪ ಬರುತ್ತದೆ. ನನ್ನ ಮದುವೆ ಆಯಿತು, ಹಲ್ಲಿಗೆ ಹೆದರದವರ ಜೊತೆ. ಅವರು ಜಿರಳೆಗೆ ಹೆದರುತ್ತಾರೆ, ಅದು ಬೇರೆ ವಿಷಯ.

ಇಷ್ಟಕ್ಕೇ ಬಿಡಬಹುದಿತ್ತು, ಆದರೆ ದೊಡ್ಡಪ್ಪ ಬಿಡಲಿಲ್ಲ. ಅಷ್ಟರಲ್ಲಿ ಅಪ್ಪ ದೂರದ ಬಡಾವಣೆಗೆ ಮನೆ ಬದಲಾಯಿಸಿದ್ದರು, ಅಕ್ಕ ಕೆಲಸಕ್ಕೆ ಸೇರಿ ಕೆಲವು ವರ್ಷ ಆಗಿತ್ತು. ಸಂಜೆ ಮನೆಯಲ್ಲಿ ಪಿ.ಯು.ಸಿ. ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತಿದ್ದಳು. ಒಂದು ದಿನ ಬಾಗಿಲಲ್ಲಿ ದೊಡ್ಡಪ್ಪ. ಕೋಲು ಹಿಡಿದಿದ್ದರು, ಪಕ್ಕದಲ್ಲಿ ಮೊಮ್ಮಗಳು. ಅವಳಿಗೆ ಡಾಕ್ಟರಾಗುವ ಆಸೆ, ಬಯಾಲಜಿ ತಲೆಗೆ ಹತ್ತುತ್ತಿಲ್ಲ. "ನೀನೇ ಹೇಳ್ಕೊಡ್ಬೇಕು ಶೈಲಾ, ಎಲ್ಲರೂ ನಿನ್ನ ಹೆಸರೇ ಹೇಳ್ತಾರೆ" ಅಂದರು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ.

ನಾನು ಆವತ್ತು ತವರಿಗೆ ಬಂದಿದ್ದೆ. ಅಕ್ಕನನ್ನು ಒಳಗೆ ಎಳೆದುಕೊಂಡು ಹೋಗಿ ಗುಸುಗುಸು ಜಗಳ ಮಾಡಿದೆ. "ನಿನಗೆ ಮಾನ ಮರ್ಯಾದೆ ಇಲ್ವಾ? ಓದು ಬೇಡ ಅಂದೋರ ಮನೆ ಹುಡುಗಿಗೆ ಹೇಳ್ಕೊಡ್ತೀಯಾ? ಕಳಿಸು ಆಚೆಗೆ!"

"ಹುಡುಗಿಗೆ ಹೇಳ್ಕೊಡ್ತೀನಿ" ಅಂದಳು ಅಕ್ಕ. "ಅವಳೇನು ಮಾಡಿದಾಳೆ, ಪಾಪ. ಅವರಿಗೆ ಕಾಫಿ ಕೊಡಬೇಡಿ, ಅಷ್ಟೇ."

ನಮ್ಮದು ಕರೆಂಟ್ ಬಿಲ್ಲಿನವನಿಗೂ ಕಾಫಿ ಕೊಡುವ ಮನೆ. ಅಮ್ಮ ಬೆಚ್ಚಿ ಅಕ್ಕನ ಮುಖ ನೋಡಿದಳು, ಆಮೇಲೆ ಅಪ್ಪನ ಮುಖ. ಅಪ್ಪ ಪೇಪರು ಬಿಡಿಸಿಕೊಂಡರು.

ಅಂದಿನಿಂದ ವಾರದಲ್ಲಿ ಮೂರು ಸಂಜೆ ದೊಡ್ಡಪ್ಪ ಮೊಮ್ಮಗಳನ್ನು ಆಟೋದಲ್ಲಿ ಕರೆದುಕೊಂಡು ಬಂದು, ಪಾಠ ಮುಗಿಯುವ ತನಕ ಹಾಲಿನಲ್ಲಿ ಕಾಯುತ್ತಾ ಕೂರುತ್ತಿದ್ದರು. ಒಳಕೋಣೆಯಿಂದ ಅಕ್ಕನ ದನಿ ಕೇಳುತ್ತಿತ್ತು. ಹುಡುಗಿ ಒಳ್ಳೆಯವಳು, ಬೇಗ ಹಿಡಿದುಕೊಂಡಳು, ಮುಂದೆ ಅವಳಿಗೆ ಮೆಡಿಕಲ್ ಸೀಟೂ ಸಿಕ್ಕಿತು. ಅಡುಗೆಮನೆಯಲ್ಲಿ ಅಮ್ಮ ಡಿಕಾಕ್ಷನ್ ಇಳಿಸುತ್ತಿದ್ದಳು. ಆ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಅಪ್ಪ ಲೋಟ ಹಿಡಿದುಕೊಂಡು ಬಂದು, ಅಣ್ಣನ ಎದುರಿಗೇ ಕೂತು, ಆರಿಸಿಕೊಂಡು ಆರಿಸಿಕೊಂಡು ಕುಡಿಯುತ್ತಿದ್ದರು.

ಒಂದು ಸಂಜೆ ದೊಡ್ಡಪ್ಪ ತಡೆಯಲಾರದೆ ಕೇಳಿದರು, "ಏನಮ್ಮ, ಕಾಫಿ ಘಮ ಅಂತಿದೆಯಲ್ಲ?"

"ಹೂಂ, ಈಗ ಮಾಡ್ದೆ" ಅಂದಳು ಅಮ್ಮ. ಅಂದು, ಒಳಗೆ ಹೋಗಿ, ಪಾತ್ರೆಯನ್ನು ಸದ್ದಾಗದಂತೆ ತೊಳೆದಿಟ್ಟಳು.